240 ಕೋಟಿ ವರ್ಷಗಳ ಹಿಂದಿನ ಗಾಳಿಯನ್ನು ಯಾರು ನೋಡಿದ್ದರು? ಕಲ್ಲುಗಳು ಕೊಡುವ ಸಾಕ್ಷಿ

2025ರ ಫೆಬ್ರವರಿಯಲ್ಲಿ ನಮ್ಮ ವಾಟ್ಸ್‌ಆ್ಯಪ್ ಸಂಖ್ಯೆಗೆ ಒಂದೇ ಬಗೆಯ ಫಾರ್ವರ್ಡ್ ಮತ್ತೆ ಮತ್ತೆ ಬಂತು. 2032ರ ಡಿಸೆಂಬರ್‌ನಲ್ಲಿ ಭಾರತದ ಮೇಲೆ ಕ್ಷುದ್ರಗ್ರಹ ಬೀಳುವುದು ಖಚಿತ, ನಾಸಾ ಸತ್ಯ ಮುಚ್ಚಿಡುತ್ತಿದೆ ಎನ್ನುವುದು ಅದರ ಸಾರಾಂಶ. ಅದು ಖಚಿತವಲ್ಲ ಎಂದು ವಿವರಿಸುವಾಗ ಡೈನೋಸಾರ್‌ಗಳ ಕಾಲದಲ್ಲಿ ಬಿದ್ದ ಕ್ಷುದ್ರಗ್ರಹದ ಮಾತೂ ಬಂತು. ಆಗ ಓದುಗರೊಬ್ಬರು ನಮ್ಮನ್ನೇ ಕೇಳಿದರು: "ಆರೂವರೆ ಕೋಟಿ ವರ್ಷದ ಹಿಂದೆ ಬಿದ್ದದ್ದನ್ನು ನೋಡಿದವರು ಯಾರು? ನಾವು ಕಳಿಸಿದ್ದು ಸುಳ್ಳು ಅನ್ನೋದಾದರೆ, ವಿಜ್ಞಾನಿಗಳು ಹೇಳೋದೂ ಒಂದು ಫಾರ್ವರ್ಡೇ ತಾನೆ?"

ಇದು ಒಳ್ಳೆಯ ಪ್ರಶ್ನೆ. ತಳ್ಳಿಹಾಕುವಂಥದ್ದಲ್ಲ. ಯಾರೂ ಕಣ್ಣಾರೆ ನೋಡಿಲ್ಲ ಎನ್ನುವುದು ನಿಜ. ಆದರೆ ನೋಡಿದವರಿಲ್ಲದ ಘಟನೆಗೂ ಸಾಕ್ಷಿ ಇರಬಹುದು. ಮನೆಯಲ್ಲಿ ಕಳ್ಳತನವಾದಾಗ ಪೊಲೀಸರು ಬೆರಳಚ್ಚು, ಹೆಜ್ಜೆಗುರುತು ಹುಡುಕುವುದು ಇದೇ ಕಾರಣಕ್ಕೆ. ಭೂಮಿಯ ಮಟ್ಟಿಗೆ ಆ ಗುರುತುಗಳು ಕಲ್ಲಿನಲ್ಲಿವೆ. ಅವುಗಳನ್ನು ಓದುವುದು ಹೇಗೆ, ಓದಿದ್ದು ಸರಿ ಎಂದು ತಿಳಿಯುವುದು ಹೇಗೆ ಎನ್ನುವುದೇ ಈ ಲೇಖನ.

ಚುಟುಕಾಗಿ ಹೇಳುವುದಾದರೆ

• ಭೂಮಿಯ ಆಯುಸ್ಸಿನ ಮೊದಲರ್ಧದಲ್ಲಿ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಎನ್ನುವಷ್ಟು ಕಡಿಮೆ ಇತ್ತು. ಅದು ಗಾಳಿಯಲ್ಲಿ ನಿಲ್ಲಲು ಶುರುವಾದದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ.
• ಇದಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಸಾಕ್ಷಿಗಳಿವೆ. ಕೆಲವು ಕರ್ನಾಟಕದಲ್ಲೇ ಸಿಗುತ್ತವೆ.
• ಕ್ಷುದ್ರಗ್ರಹ ಬಿದ್ದ ಜಾಗವನ್ನು ಬರಿಯ ಗುಂಡಿ ನೋಡಿ ತೀರ್ಮಾನಿಸುವುದಿಲ್ಲ. ಜ್ವಾಲಾಮುಖಿಯಿಂದ ಆಗಲಾರದ ಗುರುತುಗಳು ಕಲ್ಲಿನೊಳಗೆ ಸಿಗಬೇಕು.
• "ಇರಿಡಿಯಂ ಚೊಂಬು", "ರೈಸ್ ಪುಲ್ಲರ್" ಹೆಸರಿನ ವಿಡಿಯೊಗಳು ವಂಚನೆ.

ಕಲ್ಲಿನ ವಯಸ್ಸು ತಿಳಿಯುವುದು ಹೇಗೆ?

ಮೊದಲು ಈ ಕೋಟಿ ವರ್ಷಗಳ ಲೆಕ್ಕ ಎಲ್ಲಿಂದ ಬಂತು ಎಂದು ನೋಡೋಣ. ಹಲವು ಬಂಡೆಗಳಲ್ಲಿ ಜಿರ್ಕಾನ್ ಎಂಬ ಪುಟ್ಟ ಹರಳುಗಳಿರುತ್ತವೆ. ಕರಗಿದ ಕಲ್ಲು ಗಟ್ಟಿಯಾಗುವಾಗ ಈ ಹರಳು ಸ್ವಲ್ಪ ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಮಾತ್ರ ಸೇರಿಸಿಕೊಳ್ಳುವುದಿಲ್ಲ. ಯುರೇನಿಯಂ ನಿಧಾನವಾಗಿ ಒಡೆಯುತ್ತಾ ಸೀಸವಾಗುತ್ತದೆ. ಒಂದು ಬಗೆಯ ಯುರೇನಿಯಂ ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಬೇಕು, ಇನ್ನೊಂದಕ್ಕೆ ಸುಮಾರು 70 ಕೋಟಿ ವರ್ಷ. ಹರಳಿನಲ್ಲಿ ಈಗ ಎಷ್ಟು ಸೀಸ ಇದೆ ಎಂದು ಅಳೆದರೆ ಅದು ಹುಟ್ಟಿ ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಬಹುದು.

ಇಲ್ಲಿ ಗಮನಿಸಬೇಕಾದದ್ದು, ಒಂದೇ ಹರಳಿನೊಳಗೆ ಬೇರೆ ಬೇರೆ ವೇಗದ ಎರಡು ಗಡಿಯಾರಗಳಿವೆ. ಎರಡೂ ಒಂದೇ ಸಮಯ ತೋರಿಸಿದರೆ ಲೆಕ್ಕವನ್ನು ನಂಬಬಹುದು. ತೋರಿಸದಿದ್ದರೆ, ನಡುವೆ ಹರಳಿಗೆ ಏನೋ ಆಗಿದೆ ಎಂದು ಗೊತ್ತಾಗುತ್ತದೆ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಕೆಲವು ಜಿರ್ಕಾನ್ ಹರಳುಗಳ ವಯಸ್ಸು ಸುಮಾರು 440 ಕೋಟಿ ವರ್ಷ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅಂದರೆ ನೀವು ಭಾನುವಾರ ಮಕ್ಕಳನ್ನು ಕರೆದುಕೊಂಡು ಹತ್ತುವ ಆ ಬಂಡೆ ರೂಪುಗೊಂಡ ಕಾಲದಲ್ಲಿ ಉಸಿರಾಡಲು ಆಮ್ಲಜನಕವೇ ಇರಲಿಲ್ಲ.

ಆರಂಭದ ಗಾಳಿಯಲ್ಲಿ ಏನಿತ್ತು?

ಇಂದು ನಾವು ಉಸಿರಾಡುವ ಒಣಗಾಳಿಯಲ್ಲಿ ಸುಮಾರು 78% ಸಾರಜನಕ, 21% ಆಮ್ಲಜನಕ ಇದೆ. ಆಗಿನ ಗಾಳಿಯಲ್ಲಿ ಮುಖ್ಯವಾಗಿ ಸಾರಜನಕ, ಇಂಗಾಲದ ಡೈಆಕ್ಸೈಡ್, ನೀರಿನ ಆವಿ ಇದ್ದವು. ಜೀವಿಗಳು ಬಂದ ಮೇಲೆ ಮೀಥೇನ್ ಕೂಡ ಹೆಚ್ಚಿತು. ಜ್ವಾಲಾಮುಖಿಗಳು ಹೊರಬಿಡುವ ಅನಿಲಗಳಲ್ಲಿ ಆಮ್ಲಜನಕ ಬಿಡಿಯಾಗಿ ಬರುವುದಿಲ್ಲ. ಹಾಗಾಗಿ ಅದನ್ನು ತಯಾರಿಸುವವರು ಬರುವವರೆಗೆ ಗಾಳಿಯಲ್ಲಿ ಅದರ ಸಂಗ್ರಹವೂ ಇರಲಿಲ್ಲ.

ಇದನ್ನು ಹೇಳುವುದು ಸುಲಭ. ಸಾಕ್ಷಿ ಎಲ್ಲಿದೆ?

ಸಾಕ್ಷಿ 1: ತುಕ್ಕು ಹಿಡಿಯದ ನದಿಯ ಕಲ್ಲುಗಳು

ಪೈರೈಟ್ ಎಂದರೆ ಕಬ್ಬಿಣ ಮತ್ತು ಗಂಧಕ ಸೇರಿದ, ಚಿನ್ನದಂತೆ ಹೊಳೆಯುವ ಖನಿಜ. ಇಂದು ಅದು ನದಿಗೆ ಬಿದ್ದು ಉರುಳುತ್ತಾ ಹೋದರೆ ಗಾಳಿ, ನೀರು ತಾಗಿ ತುಕ್ಕು ಹಿಡಿದು ಕರಗಿಹೋಗುತ್ತದೆ. ಆದರೆ ದಕ್ಷಿಣ ಆಫ್ರಿಕಾ, ಕೆನಡಾದ ಹಳೆಯ ನದಿಪಾತ್ರದ ಬಂಡೆಗಳಲ್ಲಿ ನೀರಿನಲ್ಲಿ ಉರುಳಿ ಗುಂಡಗಾದ ಪೈರೈಟ್ ಕಾಳುಗಳಿವೆ. ಅವುಗಳ ಜೊತೆಗೆ ಆಮ್ಲಜನಕ ತಾಗಿದರೆ ಕರಗುವ ಯುರೇನಿಯಂ ಖನಿಜವೂ ಇದೆ. ನಮ್ಮ ಪಶ್ಚಿಮ ಘಟ್ಟದ ಬಾಬಾಬುಡನ್ ಶಿಲಾಪಟ್ಟಿಯ ತಳದಲ್ಲೂ ಇಂಥ ಗುಂಡುಕಲ್ಲಿನ ಪದರಗಳು ಸಿಕ್ಕಿವೆ. ಸುಮಾರು 240 ಕೋಟಿ ವರ್ಷಗಳಿಗಿಂತ ಈಚಿನ ನದಿ ಬಂಡೆಗಳಲ್ಲಿ ಇವು ಹೆಚ್ಚುಕಡಿಮೆ ಮಾಯ.

ಸಾಕ್ಷಿ 2: ಬಣ್ಣ ಬದಲಿಸಿದ ಮಣ್ಣು

ಕರಾವಳಿಯಲ್ಲಿ ಮನೆ ಕಟ್ಟುವ ಮುರಕಲ್ಲು ಕೆಂಪಗಿರುವುದು ಏಕೆ? ಮಳೆ ಮಣ್ಣಿನಿಂದ ಬೇರೆ ವಸ್ತುಗಳನ್ನು ತೊಳೆದುಕೊಂಡು ಹೋದರೂ ಕಬ್ಬಿಣ ಆಮ್ಲಜನಕದ ಜೊತೆ ಸೇರಿ ತುಕ್ಕಾಗಿ ಅಲ್ಲೇ ಉಳಿಯುತ್ತದೆ. ಬಹಳ ಹಳೆಯ ಮಣ್ಣು ಗಟ್ಟಿಯಾಗಿ ಆದ ಕಲ್ಲುಗಳಲ್ಲಿ ಕಥೆ ಉಲ್ಟಾ. ಅಲ್ಲಿ ಕಬ್ಬಿಣವೂ ತೊಳೆದುಹೋಗಿದೆ. ತುಕ್ಕು ಹಿಡಿಯಲು ಆಮ್ಲಜನಕ ಇಲ್ಲದಿದ್ದರೆ ಮಾತ್ರ ಹೀಗಾಗುತ್ತದೆ. ಸುಮಾರು 230 ಕೋಟಿ ವರ್ಷಗಳಿಂದ ಈಚೆಗೆ ನೆಲದ ಮೇಲೆ ಕೆಂಪು ಮರಳುಗಲ್ಲಿನ ಪದರಗಳು ಕಾಣಿಸಿಕೊಳ್ಳಲು ಶುರುವಾಗುತ್ತವೆ.

ಸಾಕ್ಷಿ 3: ಗಂಧಕದ ವಿಚಿತ್ರ ಲೆಕ್ಕ

ಇದು ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಗಂಧಕದಲ್ಲಿ ತೂಕ ಬೇರೆ ಬೇರೆಯಾದ ನಾಲ್ಕು ಬಗೆಯ ಪರಮಾಣುಗಳಿವೆ. ಸಾಮಾನ್ಯ ರಾಸಾಯನಿಕ ಕ್ರಿಯೆಗಳು ಅವುಗಳನ್ನು ತೂಕಕ್ಕೆ ತಕ್ಕಂತೆ ಬೇರ್ಪಡಿಸುತ್ತವೆ, ಮೊರದಲ್ಲಿ ಕೇರಿದಾಗ ಜೊಳ್ಳು ಒಂದು ಕಡೆ, ಕಾಳು ಒಂದು ಕಡೆ ಆಗುವ ಹಾಗೆ. ಆದರೆ 2000ನೇ ಇಸವಿಯಲ್ಲಿ ಜೇಮ್ಸ್ ಫಾರ್ಕರ್ ಮತ್ತು ಸಂಗಡಿಗರು ಬಹಳ ಹಳೆಯ ಬಂಡೆಗಳಲ್ಲಿನ ಗಂಧಕ ಈ ತೂಕದ ಲೆಕ್ಕಕ್ಕೆ ಹೊಂದುವುದಿಲ್ಲ ಎಂದು ತೋರಿಸಿದರು.

ಇಂಥ ಗುರುತು ಮೂಡುವುದು ಸೂರ್ಯನ ಅತಿನೇರಳೆ ಕಿರಣಗಳು ಗಾಳಿಯಲ್ಲಿನ ಗಂಧಕದ ಅನಿಲವನ್ನು ಒಡೆದಾಗ. ಇಂದು ಓಝೋನ್ ಪದರ ಆ ಕಿರಣಗಳನ್ನು ತಡೆಯುತ್ತದೆ. ಓಝೋನ್ ಆಗುವುದು ಆಮ್ಲಜನಕದಿಂದ. ಆಮ್ಲಜನಕ ಇಲ್ಲದಿದ್ದರೆ ಓಝೋನ್ ಇಲ್ಲ, ಓಝೋನ್ ಇಲ್ಲದಿದ್ದರೆ ಈ ಗುರುತು ಮೂಡುತ್ತದೆ. ಗುರುತು ಕಲ್ಲಿನಲ್ಲಿ ಉಳಿಯಬೇಕಾದರೆ ಗಾಳಿಯಲ್ಲಿ ಆಮ್ಲಜನಕ ಇಂದಿನ ಪ್ರಮಾಣದ ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಇರಬೇಕು ಎಂದು ಲೆಕ್ಕ ಹಾಕಲಾಗಿದೆ. ಸುಮಾರು 240ರಿಂದ 230 ಕೋಟಿ ವರ್ಷಗಳ ಹಿಂದಿನ ಅವಧಿಯಲ್ಲಿ ಈ ಗುರುತು ಕಲ್ಲುಗಳಿಂದ ಮರೆಯಾಗುತ್ತದೆ.

ಸಾಕ್ಷಿ 4: ಕಲ್ಲಾದ ಮಳೆಹನಿಗಳು

ದಕ್ಷಿಣ ಆಫ್ರಿಕಾದಲ್ಲಿ 270 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯ ಮೇಲೆ ಮಳೆ ಬಿತ್ತು. ಹನಿಗಳು ಮಾಡಿದ ಸಣ್ಣ ಗುಳಿಗಳು ಹಾಗೇ ಗಟ್ಟಿಯಾಗಿ ಕಲ್ಲಾದವು. ಗಾಳಿ ದಟ್ಟವಾಗಿದ್ದರೆ ಹನಿ ನಿಧಾನವಾಗಿ ಬೀಳುತ್ತದೆ, ಗುಳಿ ಚಿಕ್ಕದಾಗುತ್ತದೆ. ಮಳೆಹನಿ ಒಂದು ಮಿತಿಗಿಂತ ದೊಡ್ಡದಾಗಲು ಸಾಧ್ಯವಿಲ್ಲ, ಅದಕ್ಕೂ ಮೊದಲೇ ಒಡೆಯುತ್ತದೆ. ಸಂಜಯ್ ಸೋಮ್ ಮತ್ತು ಸಂಗಡಿಗರು ಎತ್ತರದಿಂದ ಬೂದಿಯ ಮೇಲೆ ನೀರಿನ ಹನಿ ಬೀಳಿಸಿ, ಆ ಗುಳಿಗಳನ್ನು ಹಳೆಯ ಗುಳಿಗಳ ಜೊತೆ ಹೋಲಿಸಿದರು. 2012ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಆಗಿನ ಗಾಳಿಯ ಸಾಂದ್ರತೆ ಇಂದಿನದರ ಎರಡು ಪಟ್ಟಿಗಿಂತ ಹೆಚ್ಚಿರಲಿಲ್ಲ. 2016ರಲ್ಲಿ ಹಳೆಯ ಲಾವಾದಲ್ಲಿ ಸಿಕ್ಕಿಕೊಂಡ ಗುಳ್ಳೆಗಳ ಗಾತ್ರ ಅಳೆದಾಗ ಗಾಳಿಯ ಒತ್ತಡ ಇಂದಿನ ಅರ್ಧಕ್ಕಿಂತಲೂ ಕಡಿಮೆ ಇದ್ದಿರಬಹುದು ಎಂಬ ಲೆಕ್ಕ ಬಂತು.

ನೋಡಿ, ನದಿಯ ಕಲ್ಲು, ಹಳೆಯ ಮಣ್ಣು, ಗಂಧಕದ ಪರಮಾಣು: ಈ ಮೂರಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ. ಅಧ್ಯಯನ ಮಾಡಿದವರು ಬೇರೆ, ಉಪಕರಣಗಳು ಬೇರೆ, ಖಂಡಗಳೂ ಬೇರೆ. ಆದರೂ ಮೂರೂ ಹೆಚ್ಚುಕಡಿಮೆ ಒಂದೇ ಕಾಲದ ಕಡೆಗೆ ಬೆರಳು ತೋರಿಸುತ್ತವೆ. "ಯಾರು ನೋಡಿದ್ದರು" ಎಂಬ ಪ್ರಶ್ನೆಗೆ ಮೊದಲ ಉತ್ತರ ಇದು.

ಸಂಡೂರಿನ ಕಬ್ಬಿಣದ ಅದಿರಿಗೂ ಇದಕ್ಕೂ ಏನು ಸಂಬಂಧ?

ಸಂಡೂರು, ಬಾಬಾಬುಡನ್‌ಗಿರಿ, ಕುದುರೆಮುಖದ ಬೆಟ್ಟಗಳಲ್ಲಿ ಪಟ್ಟೆ ಪಟ್ಟೆಯಾದ ಕಬ್ಬಿಣದ ಕಲ್ಲುಗಳಿವೆ. ಒಂದು ಪಟ್ಟೆ ಕಬ್ಬಿಣದ್ದು, ಮುಂದಿನದು ಬೆಣಚುಕಲ್ಲಿನಂಥ ಸಿಲಿಕಾದ್ದು, ಮತ್ತೆ ಕಬ್ಬಿಣ. ಇವು 250 ಕೋಟಿ ವರ್ಷಗಳಿಗೂ ಹಳೆಯವು. ಇವು ರೂಪುಗೊಂಡದ್ದು ಸಮುದ್ರದ ತಳದಲ್ಲಿ.

ಇಂದಿನ ಸಮುದ್ರದಲ್ಲಿ ಇಂಥ ಕಲ್ಲು ಆಗಲಾರದು, ಏಕೆಂದರೆ ಆಮ್ಲಜನಕ ಇರುವ ನೀರಿನಲ್ಲಿ ಕಬ್ಬಿಣ ಹೆಚ್ಚು ಕರಗಿರುವುದಿಲ್ಲ. ಕೊಳವೆಬಾವಿಯ ನೀರು ಮೇಲೆತ್ತಿದಾಗ ತಿಳಿಯಾಗಿದ್ದು, ಬಕೆಟ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕೆಂಪಗಾಗುವುದನ್ನು ಕೆಲವು ಊರಿನವರು ನೋಡಿರುತ್ತೀರಿ. ನೆಲದಾಳದಲ್ಲಿ ಗಾಳಿ ಇಲ್ಲದೆ ಕರಗಿಕೊಂಡಿದ್ದ ಕಬ್ಬಿಣ ಗಾಳಿ ತಾಗಿ ತುಕ್ಕಾಗುತ್ತದೆ. ಆ ಕಾಲದ ಸಮುದ್ರ ಇಂಥ ಕೊಳವೆಬಾವಿಯ ನೀರಿನಂತಿತ್ತು. ಕರಗಿದ ಕಬ್ಬಿಣ ಗಟ್ಟಿಯಾಗಿ ತಳಕ್ಕೆ ಇಳಿಯುವುದರಲ್ಲಿ ಸೂಕ್ಷ್ಮಜೀವಿಗಳ ಪಾತ್ರ ದೊಡ್ಡದು ಎನ್ನಲಾಗುತ್ತದೆ. ಕೆಲವು ಆಮ್ಲಜನಕ ಬಿಟ್ಟವು, ಇನ್ನು ಕೆಲವು ಬೆಳಕಿನ ಸಹಾಯದಿಂದ ಕಬ್ಬಿಣವನ್ನೇ ನೇರವಾಗಿ ತುಕ್ಕಾಗಿಸಿದವು. ನಿಮ್ಮ ಮನೆಯ ತಾರಸಿಯ ಸರಳಿನಲ್ಲಿರುವ ಕಬ್ಬಿಣವೂ ಇಂಥ ಯಾವುದೋ ಹಳೆಯ ಸಮುದ್ರದ ತಳದಿಂದ ಬಂದಿರುವ ಸಾಧ್ಯತೆಯೇ ಹೆಚ್ಚು.

ಹಾಗಾದರೆ ಆಮ್ಲಜನಕ ಬಂದದ್ದು ಎಲ್ಲಿಂದ? ಅಮೆಜಾನ್ ಕಾಡಿನಿಂದಲೇ?

ಆಮ್ಲಜನಕ ತಯಾರಿಸಿದ ಮೊದಲಿಗರು ಮರಗಳಲ್ಲ. ಸಯನೋಬ್ಯಾಕ್ಟೀರಿಯ ಎಂಬ ಸೂಕ್ಷ್ಮಜೀವಿಗಳು. ನೀಲಿ-ಹಸಿರು ಪಾಚಿ ಎಂದು ಶಾಲೆಯಲ್ಲಿ ಓದಿರುತ್ತೀರಿ. ಇಂಥ ಸೂಕ್ಷ್ಮಜೀವಿಗಳ ಲೋಳೆ ಪದರದ ಮೇಲೆ ಪದರ ಸೇರಿ ಆದ ಗುಮ್ಮಟದಾಕಾರದ ಕಲ್ಲುಗಳಿಗೆ ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ಚಿತ್ರದುರ್ಗ, ಸಂಡೂರು ಶಿಲಾಪಟ್ಟಿಗಳಲ್ಲೂ ಅವು ಸಿಕ್ಕಿವೆ.

ಈಗ 2019ರಲ್ಲಿ ಹರಿದಾಡಿದ ಫಾರ್ವರ್ಡ್ ನೆನಪಿಸಿಕೊಳ್ಳಿ: "ಜಗತ್ತಿನ 20% ಆಮ್ಲಜನಕ ಅಮೆಜಾನ್ ಕಾಡಿನಿಂದ ಬರುತ್ತದೆ, ಅದು ಸುಟ್ಟುಹೋದರೆ ಉಸಿರಾಡಲು ಗಾಳಿ ಇರುವುದಿಲ್ಲ." ಇದು ಸರಿಯಲ್ಲ. ಗಿಡ ಹಗಲು ತಯಾರಿಸುವ ಆಮ್ಲಜನಕದಷ್ಟೇ ಆಮ್ಲಜನಕ ಅದು ಉಸಿರಾಡುವಾಗ, ಅದರ ಎಲೆ, ಕಾಂಡ ಕೊಳೆಯುವಾಗ ಖರ್ಚಾಗುತ್ತದೆ. ಲೆಕ್ಕ ಕೊನೆಗೆ ಸೊನ್ನೆಯ ಹತ್ತಿರ ಬರುತ್ತದೆ. ಸತ್ತ ಜೀವಿಗಳ ಸ್ವಲ್ಪ ಭಾಗ ಕೊಳೆಯದೆ ಸಮುದ್ರ ತಳದ ಕೆಸರಿನಲ್ಲಿ ಹೂತು ಕಲ್ಲಾದಾಗ ಮಾತ್ರ ಅಷ್ಟು ಆಮ್ಲಜನಕ ಗಾಳಿಯಲ್ಲಿ ಮಿಗುತ್ತದೆ. ಹೀಗೆ ಕೋಟ್ಯಂತರ ವರ್ಷ ಮಿಕ್ಕ ಉಳಿತಾಯವೇ ಇಂದಿನ 21%. ಅದು ಒಂದು ಕಾಡು ಸುಟ್ಟರೆ ಬರಿದಾಗುವ ಹುಂಡಿಯಲ್ಲ.

ಹಾಗೆಂದು ಕಾಡು ಬೇಡ ಎಂದಲ್ಲ. ಮಳೆ, ಜೀವವೈವಿಧ್ಯ, ಅಲ್ಲಿನ ಜನರ ಬದುಕು, ಮರಗಳಲ್ಲಿ ಹಿಡಿದಿಟ್ಟ ಇಂಗಾಲ: ಅಮೆಜಾನ್ ಉಳಿಸಲು ಈ ನಿಜವಾದ ಕಾರಣಗಳೇ ಸಾಕು. ತಪ್ಪು ಕಾರಣ ಬೇಕಿಲ್ಲ.

ಆಕಾಶದಿಂದ ಬಿದ್ದ ಧೂಳು ಏನು ಹೇಳುತ್ತದೆ?

ಗಾಳಿಯ ಕಥೆ ಮತ್ತು ಆಕಾಶದಿಂದ ಬೀಳುವ ಕಲ್ಲುಗಳ ಕಥೆ ಒಂದು ಕಡೆ ಸೇರುತ್ತವೆ. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ 270 ಕೋಟಿ ವರ್ಷ ಹಳೆಯ ಸುಣ್ಣಕಲ್ಲಿನಿಂದ ವಿಜ್ಞಾನಿಗಳು ಬಾಹ್ಯಾಕಾಶದ ಕಬ್ಬಿಣದ ಧೂಳಿನ ಕಣಗಳನ್ನು ಹೊರತೆಗೆದರು. ಭೂಮಿಗೆ ಬೀಳುವಾಗ ಅವು ಕರಗಿ, ಮೇಲಿನ ಗಾಳಿಯ ಜೊತೆ ಸೇರಿ ತುಕ್ಕಾಗಿದ್ದವು. 2016ರಲ್ಲಿ ಇದನ್ನು ಪ್ರಕಟಿಸಿದ ತಂಡ, ನೆಲದ ಹತ್ತಿರ ಇಲ್ಲದಿದ್ದರೂ ಬಹಳ ಎತ್ತರದಲ್ಲಿ ಆಮ್ಲಜನಕ ಇದ್ದಿರಬೇಕು ಎಂದಿತು. ಕೆಲವು ವರ್ಷಗಳ ನಂತರ ಬೇರೆ ತಂಡ, ಇಂಗಾಲದ ಡೈಆಕ್ಸೈಡ್ ಹೇರಳವಾಗಿದ್ದರೂ ಹೀಗೇ ಆಗಬಹುದು ಎಂದು ತೋರಿಸಿತು.

ಇಲ್ಲಿ ನಡೆದದ್ದು ಜಗಳವಲ್ಲ, ಪರಿಶೀಲನೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅದೇ ಕಣಗಳ ಮಾಹಿತಿ ಇಟ್ಟುಕೊಂಡು ಪ್ರಶ್ನಿಸಬಹುದು. ಫಾರ್ವರ್ಡ್‌ಗೆ ಈ ಸೌಲಭ್ಯ ಇಲ್ಲ.

ಪ್ರತಿ ದೊಡ್ಡ ಗುಂಡಿಯೂ ಕ್ಷುದ್ರಗ್ರಹ ಬಿದ್ದ ಗುಂಡಿಯೇ?

ಅಲ್ಲ. ಜ್ವಾಲಾಮುಖಿಯಿಂದ ಗುಂಡಿ ಆಗಬಹುದು, ಸುಣ್ಣಕಲ್ಲು ಕರಗಿ ನೆಲ ಕುಸಿಯಬಹುದು. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋನಾರ್ ಸರೋವರವನ್ನೇ ನೋಡಿ. ಸುಮಾರು 1.8 ಕಿಲೋಮೀಟರ್ ಅಗಲದ ಈ ಗುಂಡನೆಯ ಕುಳಿ ಇರುವುದು ದಖ್ಖನ್ನಿನ ಲಾವಾ ಕಲ್ಲಿನಲ್ಲಿ. ಹಾಗಾಗಿ ಇದೂ ಜ್ವಾಲಾಮುಖಿಯ ಬಾಯಿ ಎಂದು ಬಹಳ ಕಾಲ ಅಂದುಕೊಂಡಿದ್ದರು.

1970ರ ದಶಕದಲ್ಲಿ ಅಲ್ಲಿ ಕೊರೆದು ತೆಗೆದ ಕಲ್ಲುಗಳಲ್ಲಿ ಮಾಸ್ಕೆಲಿನೈಟ್ ಸಿಕ್ಕಿತು. ಕಲ್ಲಿನೊಳಗಿನ ಒಂದು ಖನಿಜ, ಕರಗದೆಯೇ ಬರಿಯ ಆಘಾತದ ಒತ್ತಡದಿಂದ ಗಾಜಾದರೆ ಅದು ಮಾಸ್ಕೆಲಿನೈಟ್. ಯಾವ ಜ್ವಾಲಾಮುಖಿಯೂ ಕಲ್ಲಿಗೆ ಅಷ್ಟು ದಿಢೀರ್ ಒತ್ತಡ ಕೊಡಲಾರದು. ಅಲ್ಲಿಗೆ ಚರ್ಚೆ ಮುಗಿಯಿತು.

ಇಂಥ ಕುಳಿಗಳಲ್ಲಿ ವಿಜ್ಞಾನಿಗಳು ಮುಖ್ಯವಾಗಿ ಹುಡುಕುವ ಗುರುತುಗಳು ಇವು:

• ಬೆಣಚುಕಲ್ಲಿನ ಹರಳಿನೊಳಗೆ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಸಮಾನಾಂತರ ಆಘಾತದ ಗೆರೆಗಳು.
• ಭಾರಿ ಒತ್ತಡದಲ್ಲಿ ಮಾತ್ರ ರೂಪುಗೊಳ್ಳುವ ಕೊಯೆಸೈಟ್‌ನಂಥ ಖನಿಜಗಳು. ಅಮೆರಿಕದ ಅರಿಜೋನಾದ ಕುಳಿಯಲ್ಲಿ ಇದು ಸಿಕ್ಕದ್ದು 1960ರಲ್ಲಿ ಪ್ರಕಟವಾಯಿತು.
• ಕುದುರೆಯ ಬಾಲದಂತೆ ಹರಡಿದ ಗೆರೆಗಳಿರುವ ಶಂಕುವಿನಾಕಾರದ ಬಿರುಕುಗಳು.
• ಕರಗಿ ಚಿಮ್ಮಿದ ಕಲ್ಲು ತಣ್ಣಗಾಗಿ ಆದ ಸಾಸಿವೆ ಕಾಳಿನಂಥ ಗುಂಡುಗಳು.
• ಭೂಮಿಯ ಮೇಲ್ಪದರದಲ್ಲಿ ತೀರಾ ಅಪರೂಪವಾದ, ಉಲ್ಕಾಶಿಲೆಗಳಲ್ಲಿ ಹೆಚ್ಚಿರುವ ಇರಿಡಿಯಂನಂಥ ಲೋಹಗಳು.

ಜಗತ್ತಿನಲ್ಲಿ ಹೀಗೆ ಖಚಿತವಾದ ಕುಳಿಗಳು ಸುಮಾರು 200. ಭಾರತದಲ್ಲಿ ಲೋನಾರ್ ಅಲ್ಲದೆ ಮಧ್ಯಪ್ರದೇಶದ ಢಾಲಾ, ರಾಜಸ್ಥಾನದ ರಾಮಗಢ ಈ ಪಟ್ಟಿಯಲ್ಲಿವೆ.

2020ರ ಜೂನ್‌ನಲ್ಲಿ ಲೋನಾರ್ ನೀರು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಅಪಶಕುನದ ಸಂದೇಶಗಳು ಹರಿದಾಡಿದ್ದವು. ಅದಕ್ಕೂ ಕ್ಷುದ್ರಗ್ರಹಕ್ಕೂ ಸಂಬಂಧ ಇರಲಿಲ್ಲ. ನೀರು ಕಡಿಮೆಯಾಗಿ ಉಪ್ಪಿನಂಶ ಹೆಚ್ಚಿದಾಗ ಬೆಳೆಯುವ, ಗುಲಾಬಿ ವರ್ಣದ್ರವ್ಯ ಇರುವ ಸೂಕ್ಷ್ಮಜೀವಿಗಳೇ ಕಾರಣ ಎಂದು ಪುಣೆಯ ಅಗರ್ಕರ್ ಸಂಶೋಧನಾ ಸಂಸ್ಥೆ ಪರೀಕ್ಷಿಸಿ ತಿಳಿಸಿತು.

ಡೈನೋಸಾರ್‌ಗಳ ಅಂತ್ಯ: ಒಂದು ಸೆಂಟಿಮೀಟರ್ ಜೇಡಿಮಣ್ಣು

ಇಟಲಿಯ ಗುಬ್ಬಿಯೊ ಊರಿನ ಸುಣ್ಣಕಲ್ಲಿನ ಪದರಗಳ ನಡುವೆ ಸುಮಾರು ಒಂದು ಸೆಂಟಿಮೀಟರ್ ದಪ್ಪದ ಜೇಡಿಮಣ್ಣಿನ ಪದರ ಇದೆ. ಅದರ ಕೆಳಗಿನ ಕಲ್ಲಿನಲ್ಲಿರುವ ಬಹುಪಾಲು ಸೂಕ್ಷ್ಮ ಸಮುದ್ರಜೀವಿಗಳು ಮೇಲಿನ ಕಲ್ಲಿನಲ್ಲಿ ಇಲ್ಲ. ಈ ಪದರ ಕೂಡಲು ಎಷ್ಟು ವರ್ಷ ಬೇಕಾಯಿತು ಎಂದು ತಿಳಿಯಲು ಭೂವಿಜ್ಞಾನಿ ವಾಲ್ಟರ್ ಆಲ್ವಾರೆಜ್ ಮತ್ತು ಅವರ ತಂದೆ, ಭೌತವಿಜ್ಞಾನಿ ಲೂಯಿಸ್ ಆಲ್ವಾರೆಜ್ ಹೊರಟರು. ಬಾಹ್ಯಾಕಾಶದ ಧೂಳಿನಿಂದ ಇರಿಡಿಯಂ ನಿಧಾನವಾಗಿ, ಒಂದೇ ಸಮನೆ ಬೀಳುತ್ತದೆ, ಅದನ್ನೇ ಅಳತೆಗೋಲು ಮಾಡಿಕೊಳ್ಳೋಣ ಎಂಬುದು ಅವರ ಯೋಚನೆ.

ಫ್ರಾಂಕ್ ಅಸಾರೊ, ಹೆಲೆನ್ ಮಿಶೆಲ್ ಅಳೆದಾಗ ಬಂದ ಸಂಖ್ಯೆ ಯಾರೂ ನಿರೀಕ್ಷಿಸಿದ್ದಲ್ಲ. ಇರಿಡಿಯಂ ಸುತ್ತಲ ಕಲ್ಲಿಗಿಂತ ಸುಮಾರು 30 ಪಟ್ಟು ಹೆಚ್ಚಿತ್ತು. ಡೆನ್ಮಾರ್ಕ್‌ನ ಅದೇ ಕಾಲದ ಪದರದಲ್ಲಿ ಸುಮಾರು 160 ಪಟ್ಟು. ಸುಮಾರು 10 ಕಿಲೋಮೀಟರ್ ಅಗಲದ ಕ್ಷುದ್ರಗ್ರಹ ಬಿದ್ದಿರಬೇಕು ಎಂದು 1980ರಲ್ಲಿ ನಾಲ್ವರೂ ಬರೆದರು. ಮುಂದೆ ನಮ್ಮ ಮೇಘಾಲಯ ಸೇರಿದಂತೆ ಜಗತ್ತಿನ ಹಲವೆಡೆ ಇದೇ ಇರಿಡಿಯಂ ಪದರ ಸಿಕ್ಕಿತು.

"ಹಾಗಾದರೆ ಕುಳಿ ಎಲ್ಲಿ?" ಎಂದು ಉಳಿದ ವಿಜ್ಞಾನಿಗಳು ಕೇಳಿದರು. ಉತ್ತರ ಮೆಕ್ಸಿಕೋದ ಯುಕಟಾನ್‌ನಲ್ಲಿ ನೆಲದಡಿ ಹೂತುಹೋಗಿತ್ತು. ತೈಲ ಹುಡುಕುತ್ತಿದ್ದವರು 1970ರ ದಶಕದಲ್ಲೇ ಅಲ್ಲಿ ದೊಡ್ಡ ವೃತ್ತಾಕಾರದ ರಚನೆ ಗಮನಿಸಿದ್ದರು. 1991ರಲ್ಲಿ, ಆಘಾತದ ಗೆರೆಗಳಿದ್ದ ಹರಳುಗಳ ಸಾಕ್ಷಿಯೊಂದಿಗೆ ಅದೇ ಚಿಕ್ಸುಲುಬ್ ಕುಳಿ ಎಂದು ಪ್ರಕಟವಾಯಿತು. ಅಗಲ ಸುಮಾರು 180 ಕಿಲೋಮೀಟರ್, ವಯಸ್ಸು 6.6 ಕೋಟಿ ವರ್ಷ.

2016ರಲ್ಲಿ ಆ ಕುಳಿಯನ್ನು ಕೊರೆದು ಕಲ್ಲು ತೆಗೆದಾಗ ಇನ್ನೊಂದು ಸುಳಿವು ಸಿಕ್ಕಿತು. ಸುತ್ತಲಿನ ನೆಲದಲ್ಲಿ ಗಂಧಕ ಇರುವ ಜಿಪ್ಸಂನಂಥ ಕಲ್ಲುಗಳು ಹೇರಳವಾಗಿದ್ದರೂ ಕುಳಿಯೊಳಗಿನ ಕಲ್ಲಿನಲ್ಲಿ ಅವು ಹೆಚ್ಚುಕಡಿಮೆ ಇರಲಿಲ್ಲ. ಅವು ಆವಿಯಾಗಿ ಗಾಳಿ ಸೇರಿದ್ದವು. ಆ ಗಂಧಕದ ಮಂಜು, ಮಸಿ ಮತ್ತು ಧೂಳು ಸೂರ್ಯನ ಬೆಳಕನ್ನು ತಡೆದವು. ಕತ್ತಲು, ಚಳಿ ಆವರಿಸಿ ಗಿಡಗಳು ಸತ್ತವು, ಅವುಗಳನ್ನು ತಿನ್ನುವ ಪ್ರಾಣಿಗಳೂ ಸತ್ತವು. ಸುಮಾರು ಮುಕ್ಕಾಲು ಪಾಲು ಜೀವಪ್ರಭೇದಗಳು ಅಳಿದವು.

ಅದೇ ಕಾಲಘಟ್ಟದಲ್ಲಿ ದಖ್ಖನ್ನಿನಲ್ಲಿ ಲಾವಾ ಉಕ್ಕುತ್ತಿತ್ತು. ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಕಪ್ಪು ಕಲ್ಲು, ಅದು ಸವೆದು ಆದ ಎರೆಮಣ್ಣು ಆ ಲಾವಾದ್ದೇ. ಅಳಿವಿನಲ್ಲಿ ಅದರ ಪಾಲು ಎಷ್ಟು ಎಂಬ ಚರ್ಚೆ ಇಂದಿಗೂ ನಡೆಯುತ್ತಿದೆ. ಕ್ಷುದ್ರಗ್ರಹ ಬಿದ್ದದ್ದರ ಬಗ್ಗೆ ಮಾತ್ರ ಅನುಮಾನ ಉಳಿದಿಲ್ಲ.

ಅದಕ್ಕಿಂತ ಹಳೆಯ ಹೊಡೆತಗಳು

ಚಂದ್ರನ ಮೈತುಂಬಾ ಕುಳಿಗಳಿವೆ. ಭೂಮಿಗೂ ಅಷ್ಟೇ ಏಟು ಬಿದ್ದಿದೆ, ಆದರೆ ಇಲ್ಲಿ ಮಳೆ, ನದಿ, ಲಾವಾ, ಭೂಫಲಕಗಳ ಚಲನೆ ಗುರುತು ಅಳಿಸುತ್ತವೆ. ದಕ್ಷಿಣ ಆಫ್ರಿಕಾದ ಬಾರ್ಬರ್ಟನ್‌ನಲ್ಲಿ 326 ಕೋಟಿ ವರ್ಷಗಳ ಹಿಂದಿನ ಒಂದು ಹೊಡೆತಕ್ಕೆ ಕುಳಿ ಉಳಿದಿಲ್ಲ, ಚಿಮ್ಮಿ ಬಿದ್ದ ಗುಂಡುಗಳ ಪದರ ಮಾತ್ರ ಉಳಿದಿದೆ. ಅದನ್ನು ಅಧ್ಯಯನ ಮಾಡಿದ ನಾಡ್ಯಾ ಡ್ರಾಬೊನ್ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಪ್ರಕಾರ, ಆ ಕ್ಷುದ್ರಗ್ರಹದ ದ್ರವ್ಯರಾಶಿ ಡೈನೋಸಾರ್ ಕಾಲದ್ದಕ್ಕಿಂತ 50ರಿಂದ 200 ಪಟ್ಟು ಹೆಚ್ಚು. ಸಮುದ್ರದ ಮೇಲ್ಭಾಗ ಕುದಿದು ಆವಿಯಾಯಿತು, ಸುನಾಮಿ ಎದ್ದಿತು. ಆದರೆ ಆಳದ ನೀರಿನ ಕಬ್ಬಿಣ ಮೇಲಕ್ಕೆ ಬಂದು, ರಂಜಕವೂ ಸೇರಿ, ಕಬ್ಬಿಣ ಬಳಸುವ ಸೂಕ್ಷ್ಮಜೀವಿಗಳು ನಂತರ ಹುಲುಸಾಗಿ ಬೆಳೆದವು.

ಇನ್ನೊಂದು ಕಡೆ, 250 ಕೋಟಿ ವರ್ಷಗಳಿಗೆ ಮುಂಚೆ ಬಿದ್ದ ಕ್ಷುದ್ರಗ್ರಹಗಳು ಹೊರಬಿಟ್ಟ ಅನಿಲಗಳು ಅಲ್ಪಸ್ವಲ್ಪ ಆಮ್ಲಜನಕವನ್ನೂ ಹೀರಿಕೊಂಡು, ಅದು ಗಾಳಿಯಲ್ಲಿ ನಿಲ್ಲುವುದನ್ನು ತಡ ಮಾಡಿರಬಹುದು ಎಂದು 2021ರ ಒಂದು ಅಧ್ಯಯನ ಹೇಳುತ್ತದೆ.

2032ರಲ್ಲಿ ನಿಜಕ್ಕೂ ಅಪ್ಪಳಿಸುತ್ತದೆಯೇ?

ಆರಂಭದ ಫಾರ್ವರ್ಡ್‌ಗೆ ಬರೋಣ. 2024ರ ಡಿಸೆಂಬರ್‌ನಲ್ಲಿ ಪತ್ತೆಯಾದ 2024 ವೈಆರ್4 ಎಂಬ ಕ್ಷುದ್ರಗ್ರಹ 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಾಧ್ಯತೆ 2025ರ ಫೆಬ್ರವರಿ 18ರಂದು 3.1% ವರೆಗೆ ಏರಿತ್ತು. ಬೀಳಬಹುದಾದ ಪಟ್ಟಿಯಲ್ಲಿ ದಕ್ಷಿಣ ಏಷ್ಯಾವೂ ಇತ್ತು. ಇಷ್ಟು ನಿಜ. ಫಾರ್ವರ್ಡ್‌ನಲ್ಲಿ ಬಾರದೇ ಉಳಿದದ್ದು, ಇನ್ನಷ್ಟು ವೀಕ್ಷಣೆ ನಡೆದ ಮೇಲೆ ಆ ಸಾಧ್ಯತೆ ಅದೇ ತಿಂಗಳೊಳಗೆ ಸೊನ್ನೆಯ ಹತ್ತಿರ ಇಳಿದದ್ದು. ನಾಸಾ ಏನನ್ನೂ ಮುಚ್ಚಿಟ್ಟಿರಲಿಲ್ಲ. ಏರಿದ ಸಂಖ್ಯೆ, ಇಳಿದ ಸಂಖ್ಯೆ ಎರಡನ್ನೂ ಪ್ರಕಟಿಸಿದ್ದು ಅದೇ.

ಅಪಾಯ ಇಲ್ಲವೇ ಇಲ್ಲ ಎಂದೂ ನಾವು ಹೇಳುವುದಿಲ್ಲ. ಒಂದು ಕಿಲೋಮೀಟರ್‌ಗಿಂತ ದೊಡ್ಡ, ಭೂಮಿಯ ಸಮೀಪ ಬರುವ ಕ್ಷುದ್ರಗ್ರಹಗಳಲ್ಲಿ 90ಕ್ಕೂ ಹೆಚ್ಚು ಶೇಕಡಾ ಪತ್ತೆಯಾಗಿವೆ. ಚಿಕ್ಕವು ಎಲ್ಲವೂ ಪತ್ತೆಯಾಗಿಲ್ಲ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಆಕಾಶದಲ್ಲಿ ಸುಮಾರು 20 ಮೀಟರ್‌ನ ಕಲ್ಲು ಸ್ಫೋಟಿಸಿತು. ಸಾವಿರಕ್ಕೂ ಹೆಚ್ಚು ಜನರಿಗೆ ಗಾಯವಾಯಿತು, ಹೆಚ್ಚಿನವರಿಗೆ ಒಡೆದ ಕಿಟಕಿ ಗಾಜಿನಿಂದ. ಬೆಳಕು ಕಂಡ ಮೇಲೆ ಅಲೆ ಬರಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಹಲವರು ಏನೆಂದು ನೋಡಲು ಕಿಟಕಿಯ ಬಳಿ ಹೋಗಿದ್ದರು. ಆಕಾಶದಲ್ಲಿ ವಿಪರೀತ ಬೆಳಕು ಕಂಡರೆ ಕಿಟಕಿಯಿಂದ ದೂರ ಸರಿಯಬೇಕು ಎಂಬುದು ಅದರಿಂದ ಕಲಿತ ಪಾಠ.

ತಯಾರಿಯೂ ನಡೆದಿದೆ. 2022ರ ಸೆಪ್ಟೆಂಬರ್‌ನಲ್ಲಿ ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಬೇಕೆಂದೇ ಡಿಕ್ಕಿ ಹೊಡೆದು, ಅದರ ಸುತ್ತಾಟದ ಅವಧಿಯನ್ನು ಅರ್ಧ ಗಂಟೆಗೂ ಹೆಚ್ಚು ಕಡಿಮೆ ಮಾಡಿತು.

"ಇರಿಡಿಯಂ ಚೊಂಬು" ಮಾರುವವರ ಬಗ್ಗೆ

ಈ ಲೇಖನದಲ್ಲಿ ನೀವು ಮರೆಯಬಾರದ ಭಾಗ ಇದು. ಸಿಡಿಲು ಬಡಿದ ತಾಮ್ರದ ಹಳೆಯ ಚೊಂಬಿನಲ್ಲಿ ಇರಿಡಿಯಂ ಸೇರಿದೆ, ಅದು ಅಕ್ಕಿಯನ್ನು ಎಳೆದುಕೊಳ್ಳುತ್ತದೆ, ನಾಸಾ ಅದನ್ನು ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತದೆ ಎಂಬ ವಿಡಿಯೊಗಳು ಈಗಲೂ ಓಡಾಡುತ್ತಿವೆ. "ಪರೀಕ್ಷೆಯ ಖರ್ಚು" ಎಂದು ಮುಂಗಡ ಹಣ ಕೇಳುವುದು ಇದರ ಮುಂದಿನ ಹೆಜ್ಜೆ. ಹೀಗೆ ಲಕ್ಷಾಂತರ ರೂಪಾಯಿ ಕಳೆದುಕೊಂಡವರ ದೂರುಗಳು ಕರ್ನಾಟಕದಲ್ಲೂ ದಾಖಲಾಗಿವೆ.

ಸಿಡಿಲು ತಾಮ್ರವನ್ನು ಇರಿಡಿಯಂ ಮಾಡುವುದಿಲ್ಲ. ಇರಿಡಿಯಂ ಅಕ್ಕಿಯನ್ನು ಎಳೆಯುವುದಿಲ್ಲ. ಅಕ್ಕಿಗೆ ಕಬ್ಬಿಣದ ಪುಡಿ ಹಚ್ಚಿ ಚೊಂಬಿನಲ್ಲಿ ಅಯಸ್ಕಾಂತ ಬಚ್ಚಿಟ್ಟರೆ ಯಾವ ಪಾತ್ರೆಯೂ ಎಳೆಯುತ್ತದೆ. ಡೈನೋಸಾರ್‌ಗಳ ಅಂತ್ಯ ಸಾರಿದ ಗುಬ್ಬಿಯೊ ಮಣ್ಣಿನಲ್ಲೂ ಇರಿಡಿಯಂ ಇದ್ದದ್ದು ಒಂದು ಟನ್‌ಗೆ ಸುಮಾರು 9 ಮಿಲಿಗ್ರಾಂ ಮಾತ್ರ. ಅದನ್ನು ಕಂಡುಹಿಡಿಯಲು ಪರಮಾಣು ಪ್ರಯೋಗಾಲಯದ ಉಪಕರಣ ಬೇಕಾಯಿತು, ಒಂದು ಹಿಡಿ ಅಕ್ಕಿ ಸಾಕಾಗಲಿಲ್ಲ. ಯಾರಾದರೂ ಇಂಥ ವ್ಯವಹಾರಕ್ಕೆ ಕರೆದರೆ ಪೊಲೀಸರಿಗೆ ತಿಳಿಸಿ. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಹಾಗಾದರೆ ವಿಜ್ಞಾನವೂ ಒಂದು ಫಾರ್ವರ್ಡೇ?

ಓದುಗರ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಗುಬ್ಬಿಯೊದ ಮಣ್ಣು ಅಲ್ಲೇ ಇದೆ. ಲೋನಾರ್‌ನ ಗಾಜಾದ ಖನಿಜವನ್ನು ಯಾರು ಬೇಕಾದರೂ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಸಂಡೂರಿನ ಪಟ್ಟೆಗಳನ್ನು ಬರಿಗಣ್ಣಿನಲ್ಲೇ ನೋಡಬಹುದು. ಹೇಳಿದವರ ಮೇಲೆ ಅನುಮಾನ ಇದ್ದರೆ ನೇರವಾಗಿ ಕಲ್ಲನ್ನೇ ಮತ್ತೆ ಕೇಳಬಹುದು, ಕೇಳಿದ್ದಾರೆ ಕೂಡ.

ಮುಂದಿನ ಸಲ ಭೂಮಿ, ಗಾಳಿ, ಆಕಾಶದ ಬಗ್ಗೆ ಯಾವುದಾದರೂ ಸಂದೇಶ ಬಂದಾಗ "ಯಾರು ನೋಡಿದ್ದರು?" ಎಂದು ಖಂಡಿತ ಕೇಳಿ. ಅದರ ಜೊತೆಗೆ ಇನ್ನೆರಡು ಪ್ರಶ್ನೆ ಸೇರಿಸಿ: ಗುರುತು ಎಲ್ಲಿದೆ? ಬೇರೆಯವರು ಪರೀಕ್ಷಿಸಿದರೂ ಅದೇ ಸಿಕ್ಕಿತೇ? ಎರಡಕ್ಕೂ ಉತ್ತರ ಇಲ್ಲದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.